ಮನೆಗೆ ಫ್ರಿಜ್ಜು ಕೊಳ್ಳುವ ಮುನ್ನ

ಬೇಸಗೆ ಕಾಲಿಟ್ಟಿತೆಂದರೆ ನಮ್ಮ ವಾಚನಾಲಯದಲ್ಲಿ ಓದುವ ಪುಟವೇ ಬದಲಾಗುತ್ತದೆ. ರಾಜಕೀಯದ ಪುಟವನ್ನು ಮಗುಚಿ ಜಾಹೀರಾತಿನ ಪುಟದ ಮೇಲೆ ನಾಲ್ಕಾರು ತಲೆಗಳು ಕೂಡುತ್ತವೆ. "ಇದರಾಗ ಯಾವುದು ಛಲೋ ಐತ್ರಿ?" ಎಂದು ವಿಜಯಪುರ, ಕಲಬುರಗಿಯ ಕಡೆಯವರು ಕೇಳುತ್ತಾರೆ. "ಇದ್ರಲ್ಲಿ ಯಾವ್ದು ಒಳ್ಳೇದು ಮಾರಾಯ್ರೆ?" ಎಂದು ಉಡುಪಿಯ ಕಡೆಯವರು ಕೇಳುತ್ತಾರೆ. ಮಾತು ಬೇರೆಯಾದರೂ ಪ್ರಶ್ನೆ ಒಂದೇ. ಅದು ಫ್ರಿಜ್ಜಿನ ಪ್ರಶ್ನೆ.

ಈ ಪ್ರಶ್ನೆಗೆ ಒಂದು ಕಂಪನಿಯ ಹೆಸರು ಹೇಳಿ ಮುಗಿಸುವುದು ಸುಲಭ. ಆದರೆ ಅದು ಉತ್ತರವಲ್ಲ. ಕಳೆದ ವರ್ಷ ನಮ್ಮ ಬಳಗದ ಒಬ್ಬರು ಹಬ್ಬದ ರಿಯಾಯತಿಯ ಭರದಲ್ಲಿ ಎರಡು ಬಾಗಿಲಿನ ದೊಡ್ಡ ಪೆಟ್ಟಿಗೆಯೊಂದನ್ನು ಕಂತಿನ ಮೇಲೆ ಕೊಂಡರು. ಪೆಟ್ಟಿಗೆಯಲ್ಲಿ ಯಾವ ದೋಷವೂ ಇರಲಿಲ್ಲ. ಆದರೆ ಅದು ಅವರ ಚಾಳಿನ ಜಿನೆಯ ತಿರುವಿನಲ್ಲಿ ಸಿಕ್ಕಿಕೊಂಡಿತು. ಹಮಾಲರಿಗೆ ಹೆಚ್ಚಿನ ಕೂಲಿ ಕೊಟ್ಟು ಮೇಲೇರಿಸಿದ್ದಾಯಿತು. ಖೋಲಿಯೊಳಗೆ ಇಟ್ಟ ಮೇಲೆ ಮಕ್ಕಳು ಹಾಸಿಗೆ ಹಾಸುವ ಜಾಗ ಹೋಯಿತು. ಮುಂದಿನ ತಿಂಗಳು ಕರೆಂಟಿನ ಬಿಲ್ಲು ಬಂತು, ಜೊತೆಗೆ ಕಂತು ಬಂತು. ಆ ತಿಂಗಳು ಊರಿನಲ್ಲಿದ್ದ ತಾಯಿಗೆ ಕಳಿಸುವ ಹಣ ಅರ್ಧವಾಯಿತು. ಅವರು ಇದನ್ನು ನಗುತ್ತಲೇ ಹೇಳಿದರು. ಆದರೆ ಆ ನಗೆ ನಮಗೆ ಹಿತವೆನಿಸಲಿಲ್ಲ. ಈ ಲೇಖನವನ್ನು ಬರೆಯುವುದಕ್ಕೆ ಅದೇ ಕಾರಣ.

ಫ್ರಿಜ್ಜನ್ನು ಅಂಗಡಿಯಲ್ಲಿ ನೋಡಿ ಆರಿಸತಕ್ಕದ್ದಲ್ಲ, ಮನೆಯಲ್ಲಿ ಕುಳಿತು ಆರಿಸತಕ್ಕದ್ದು. ನಮ್ಮ ಅನುಭವ ಕಲಿಸಿದ ಪಾಠ ಇಷ್ಟೇ. ಉಣ್ಣುವ ಬಾಯಿಗಳೆಷ್ಟು, ಬಾಗಿಲ ಅಗಲವೆಷ್ಟು, ಮೀಟರಿನ ಓಟವೆಷ್ಟು ಎಂಬ ಮೂರು ಲೆಕ್ಕಗಳನ್ನು ಕಾಗದದ ಮೇಲೆ ಬರೆದುಕೊಂಡವರು ಅಂಗಡಿಯಲ್ಲಿ ಮೋಸ ಹೋಗುವುದು ಅಪರೂಪ.

ಬೇಕೆ, ಬೇಡವೆ?

ಮೊದಲು ಈ ಪ್ರಶ್ನೆಯನ್ನೇ ಕೇಳಿಕೊಳ್ಳೋಣ. ತಣ್ಣೀರಿಗಾಗಿ ಮಾತ್ರ ಫ್ರಿಜ್ಜು ಬೇಕೆನ್ನುವವರಿಗೆ ಒಂದು ಹರವಿ ಸಾಕು. ಮಣ್ಣಿನ ಹರವಿಯ ಮೈ ಜಿನುಗಿ, ಆ ನೀರು ಆವಿಯಾಗಿ ಹೋಗುವಾಗ ಒಳಗಿನ ನೀರಿನ ಶಾಖವನ್ನು ಹೊತ್ತೊಯ್ಯುತ್ತದೆ. ಏಪ್ರಿಲ್ ತಿಂಗಳ ಪುಣೆಯ ಒಣ ಹವೆಯಲ್ಲಿ ಇದು ಬಹು ಚೆನ್ನಾಗಿ ನಡೆಯುತ್ತದೆ. ಮಳೆಗಾಲದ ತೇವದ ಹವೆಯಲ್ಲಿ ಅಷ್ಟು ನಡೆಯುವುದಿಲ್ಲ. ಇದೇ ತತ್ತ್ವವನ್ನು ಹಿಡಿದು ಗುಜರಾತಿನ ವಾಂಕಾನೇರಿನ ಮನಸುಖಭಾಯಿ ಪ್ರಜಾಪತಿಯವರು ಕರೆಂಟು ಬೇಡದ ಮಣ್ಣಿನ ಫ್ರಿಜ್ಜನ್ನೇ ಮಾಡಿದ್ದಾರೆ. ಅದಕ್ಕೆ ಮಿಟ್ಟಿಕೂಲ್ ಎಂದು ಹೆಸರು. ಕಾಯಿಪಲ್ಲೆಯನ್ನು ಬಾಡದಂತೆ ಇಡುವುದಕ್ಕೆ ಅದು ಅನುಕೂಲ. ಆದರೆ ಬರ್ಫ ಮಾಡುವಷ್ಟು ತಂಪನ್ನು ಅದರಿಂದ ನಿರೀಕ್ಷಿಸಬಾರದು.

ನಾಲ್ಕು ಜನ ಗೆಳೆಯರು ಒಂದು ಖೋಲಿಯಲ್ಲಿದ್ದು ಖಾನಾವಳಿಯಲ್ಲಿ ಉಣ್ಣುವವರಿಗೂ, ಆರು ತಿಂಗಳಿಗೊಮ್ಮೆ ಕೆಲಸದ ಜಾಗ ಬದಲಾಗುವ ಕಟ್ಟಡ ಕೆಲಸದವರಿಗೂ ಫ್ರಿಜ್ಜು ಭಾರವೇ ಹೊರತು ಸುಖವಲ್ಲ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಣ ಕಾರ ಇವಕ್ಕೆ ಅದರ ಹಂಗಿಲ್ಲ.

ಆದರೆ ಇನ್ನೊಂದು ಪಕ್ಷವೂ ಉಂಟು. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಡುವ ಮನೆಯಲ್ಲಿ ಹಾಲು, ದೋಸೆಯ ಹಿಟ್ಟು, ಹೆಚ್ಚಿಟ್ಟ ಕಾಯಿಪಲ್ಲೆ ಕೆಡದೆ ಉಳಿದರೆ ಗೃಹಿಣಿಗೆ ದಿನಕ್ಕೆ ಒಂದು ತಾಸು ಉಳಿಯುತ್ತದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಸಿಕೊಳ್ಳುವವರಿದ್ದರೆ ಫ್ರಿಜ್ಜು ಶೋಕಿಯ ಸಾಮಾನಲ್ಲ. ಒಡೆಯದ ಇನ್ಸುಲಿನ್ ಸೀಸೆಯನ್ನು 2 ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಹೆಪ್ಪುಗಟ್ಟುವ ಬರ್ಫದ ಖಾನೆಯಲ್ಲಿ ಮಾತ್ರ ಇಡಕೂಡದು. ಹೆಪ್ಪುಗಟ್ಟಿದ ಇನ್ಸುಲಿನ್ ಉಪಯೋಗಕ್ಕೆ ಬಾರದು. ಇಂಥ ಮನೆಯವರು ಸಾಲ ಮಾಡಿಯಾದರೂ ಕೊಂಡರೆ ನಾವು ಬೇಡವೆನ್ನುವುದಿಲ್ಲ.

ಒಳಗೆ ನಡೆಯುವುದೇನು?

ಫ್ರಿಜ್ಜು ತಂಪನ್ನು ಹುಟ್ಟಿಸುತ್ತದೆ ಎಂದು ಹಲವರು ತಿಳಿದಿದ್ದಾರೆ. ನಿಜವಾಗಿ ಅದು ಒಳಗಿನ ಶಾಖವನ್ನು ಹೊರಕ್ಕೆ ಸಾಗಿಸುವ ಹಮಾಲ. ಕೊಳವೆಗಳೊಳಗೆ ಒಂದು ಬಗೆಯ ದ್ರವವಿರುತ್ತದೆ. ಅದು ಒಳಗಿನ ಖಾನೆಯ ಸುತ್ತ ಆವಿಯಾಗುವಾಗ, ಹರವಿಯ ಮೈಮೇಲಿನ ನೀರಿನಂತೆಯೇ, ಶಾಖವನ್ನು ಹೀರುತ್ತದೆ. ಕೆಳಗಿರುವ ಕಂಪ್ರೆಸರ್ ಎಂಬ ಯಂತ್ರ ಆ ಆವಿಯನ್ನು ಒತ್ತಿ ಹೊರಗಿನ ಕೊಳವೆಗಳಿಗೆ ನೂಕುತ್ತದೆ. ಅಲ್ಲಿ ಅದು ಶಾಖವನ್ನು ಬಿಟ್ಟು ಮತ್ತೆ ದ್ರವವಾಗುತ್ತದೆ. ಫ್ರಿಜ್ಜಿನ ಹಿಂಭಾಗ ಅಥವಾ ಪಕ್ಕದ ತಗಡು ಬೆಚ್ಚಗಿರುವುದು ಇದರಿಂದಲೇ. ಆದುದರಿಂದ ಅದರ ಬಾಗಿಲು ತೆರೆದಿಟ್ಟು ಖೋಲಿಯನ್ನು ತಂಪು ಮಾಡಿಕೊಳ್ಳುವ ಆಸೆ ಹುಸಿ. ಖೋಲಿ ಇನ್ನಷ್ಟು ಕಾಯುತ್ತದೆ.

ಹಿಂದೆ ಈ ಕೊಳವೆಗಳಲ್ಲಿ ತುಂಬುತ್ತಿದ್ದ ಸಿ.ಎಫ್.ಸಿ. ಎಂಬ ಅನಿಲ ಮೇಲಿನ ಓಜೋನ್ ಪದರವನ್ನು ಹಾಳು ಮಾಡುತ್ತದೆಂದು ತಿಳಿದುಬಂತು. 1987ರ ಮಾಂಟ್ರಿಯಲ್ ಒಪ್ಪಂದದ ಮೇರೆಗೆ ಜಗತ್ತಿನ ದೇಶಗಳು ಅದನ್ನು ಕೈಬಿಟ್ಟವು. ನಮ್ಮ ದೇಶವೂ 1992ರಲ್ಲಿ ಆ ಒಪ್ಪಂದಕ್ಕೆ ಸೇರಿತು. ಈಗಿನ ಮನೆಬಳಕೆಯ ಹೊಸ ಫ್ರಿಜ್ಜುಗಳಲ್ಲಿ ಹೆಚ್ಚಾಗಿ ಕಾಣುವುದು ಆರ್-600ಎ. ಇದು ಓಜೋನಿಗೆ ಅಪಾಯ ಮಾಡದು. ಆದರೆ ಉರಿಯುವ ಜಾತಿಯದು. ಪ್ರಮಾಣ ಕೆಲವೇ ಹತ್ತು ಗ್ರಾಮುಗಳಷ್ಟಿರುವುದರಿಂದ ಭಯಪಡಬೇಕಾಗಿಲ್ಲ. ದುರಸ್ತಿಯನ್ನು ಮಾತ್ರ ತಿಳಿದವರಿಂದಲೇ ಮಾಡಿಸಬೇಕು.

ಎಷ್ಟು ದೊಡ್ಡದು?

ನಮ್ಮ ದೇಶದಲ್ಲಿ ಫ್ರಿಜ್ಜಿನ ತಯಾರಿಕೆ ಹೊಸದೇನಲ್ಲ. ಗೋದ್ರೇಜ್ ಕಂಪನಿ 1958ರಲ್ಲಿಯೇ ಅದಕ್ಕೆ ಕೈಹಾಕಿತು. ಈಗಂತೂ ನಮ್ಮ ಪುಣೆಯ ಸೀಮೆಯೇ ಫ್ರಿಜ್ಜಿನ ಸೀಮೆ. ಬೆಳಗಾವಿಯಿಂದ ಬಸ್ಸಿನಲ್ಲಿ ಬರುವವರು ದಾಟುವ ಶಿರವಳದಲ್ಲಿ ಗೋದ್ರೇಜಿನ ಕಾರಖಾನೆ ಇದೆ. ನಗರ ರಸ್ತೆಯಲ್ಲಿ, ಗಣಪತಿಯ ಕ್ಷೇತ್ರವಾದ ರಾಂಜಣಗಾವಿನಲ್ಲಿ ವರ್ಲ್‌ಪೂಲ್, ಎಲ್.ಜಿ., ಹಾಯರ್ ಕಂಪನಿಗಳ ಕಾರಖಾನೆಗಳಿವೆ. ಹೀಗಾಗಿ ಅಂಗಡಿಯಲ್ಲಿ ಎಲ್ಲ ಅಳತೆಯ ಪೆಟ್ಟಿಗೆಗಳೂ ಸಾಲಾಗಿ ನಿಂತಿರುತ್ತವೆ. ಅಂಗಡಿಯ ವಿಶಾಲ ಪಡಸಾಲೆಯಲ್ಲಿ ಚಿಕ್ಕದಾಗಿ ಕಾಣುವ ಪೆಟ್ಟಿಗೆ ನಮ್ಮ ಹತ್ತು ಅಡಿಯ ಖೋಲಿಯಲ್ಲಿ ಆನೆಯಾಗುತ್ತದೆ.

ಫ್ರಿಜ್ಜಿನ ಗಾತ್ರವನ್ನು ಲೀಟರುಗಳಲ್ಲಿ ಹೇಳುತ್ತಾರೆ. ಸಾಮಾನ್ಯವಾಗಿ ಇಬ್ಬರು ಮೂವರಿರುವ ಮನೆಗೆ 180 ರಿಂದ 200 ಲೀಟರ್ ಧಾರಾಳ. ನಾಲ್ಕೈದು ಜನರಿದ್ದರೆ 200 ರಿಂದ 260ರ ವರೆಗೆ ಯೋಚಿಸಬಹುದು. ದಿನವೂ ಸಂಜೆ ಮಂಡಯಿಗೆ ಹೋಗಿ ತಾಜಾ ಕಾಯಿಪಲ್ಲೆ ತರುವ ರೂಢಿಯಿದ್ದವರಿಗೆ ಇದಕ್ಕಿಂತ ಚಿಕ್ಕದೂ ನಡೆದೀತು. ವಾರಕ್ಕೊಮ್ಮೆ ಮೀನು ತಂದಿಡುವವರಿಗೆ ಬರ್ಫದ ಖಾನೆ ತುಸು ದೊಡ್ಡದಿರಬೇಕು. ಚೀಟಿಯ ಮೇಲೆ ಒಟ್ಟು ಗಾತ್ರ, ಸಾಮಾನು ಹಿಡಿಯುವ ಗಾತ್ರ ಎಂದು ಎರಡು ಅಂಕಿಗಳಿರುವುದುಂಟು. ಎರಡನೆಯದೇ ನಮಗೆ ಮುಖ್ಯ.

ಲೀಟರಿಗಿಂತ ಮುಖ್ಯವಾದದ್ದು ಅಳತೆಯ ಪಟ್ಟಿ. ಒಂದು ಬಾಗಿಲಿನ ಸಾಧಾರಣ ಪೆಟ್ಟಿಗೆ ಸುಮಾರು 55 ಸೆಂಟಿಮೀಟರ್ ಅಗಲ, 65 ಸೆಂಟಿಮೀಟರ್ ಆಳ ಇರುತ್ತದೆ. ಇದಕ್ಕೆ ಹಿಂದೆಯೂ ಪಕ್ಕದಲ್ಲಿಯೂ ಗಾಳಿಯಾಡಲು ಒಂದು ಗೇಣಿನ ಜಾಗ, ಮುಂದೆ ಬಾಗಿಲು ಪೂರ್ತಿ ತೆರೆಯುವಷ್ಟು ಜಾಗ ಸೇರಿಸಿರಿ. ಬಾಗಿಲು ಯಾವ ಕಡೆಗೆ ತೆರೆಯುತ್ತದೆಂಬುದನ್ನೂ ನೋಡಿರಿ. ಆಮೇಲೆ ಮನೆಯ ಬಾಗಿಲು, ಓಣಿ, ಜಿನೆಯ ತಿರುವು ಇವನ್ನೆಲ್ಲ ಅಳೆಯಿರಿ. ಬಾಡಿಗೆಯ ಮನೆಯಲ್ಲಿರುವ ನಾವು ಇಂದಿನ ಜಿನೆಯನ್ನಷ್ಟೇ ಅಲ್ಲ, ನಾಳೆಯ ಜಿನೆಯನ್ನೂ ನೆನೆಯಬೇಕು. ಹನ್ನೊಂದು ತಿಂಗಳ ಕರಾರು ಮುಗಿದಾಗ ಇದನ್ನು ಹೊತ್ತು ಹೊರಡಬೇಕಲ್ಲವೆ?

ಒಂದು ಬಾಗಿಲು, ಎರಡು ಬಾಗಿಲು

ಒಂದು ಬಾಗಿಲಿನವುಗಳಲ್ಲಿ ಹೆಚ್ಚಿನವು ಡೈರೆಕ್ಟ್ ಕೂಲ್ ಜಾತಿಯವು. ಇವುಗಳಲ್ಲಿ ತಂಪು ತಾನಾಗಿಯೇ ಕೆಳಗಿಳಿಯುತ್ತದೆ. ಬರ್ಫದ ಖಾನೆಯ ಸುತ್ತ ಹಿಮ ಕಟ್ಟುತ್ತದೆ. ಆಗಾಗ ಗುಂಡಿಯೊತ್ತಿ ಅದನ್ನು ಕರಗಿಸಬೇಕು. ಇಷ್ಟು ತೊಂದರೆಗೆ ಪ್ರತಿಯಾಗಿ ಬೆಲೆ ಕಡಿಮೆ, ಕರೆಂಟು ಕಡಿಮೆ, ಕೆಡುವ ಭಾಗಗಳೂ ಕಡಿಮೆ.

ಎರಡು ಬಾಗಿಲಿನವು ಸಾಮಾನ್ಯವಾಗಿ ಫ್ರಾಸ್ಟ್ ಫ್ರೀ. ಇವುಗಳೊಳಗೆ ಒಂದು ಫ್ಯಾನು ತಣ್ಣನೆಯ ಗಾಳಿಯನ್ನು ಸುತ್ತಿಸುತ್ತದೆ. ಒಂದು ಹೀಟರು ಆಗಾಗ ತಾನೇ ಹೊತ್ತಿಕೊಂಡು ಹಿಮವನ್ನು ಕರಗಿಸುತ್ತದೆ. ತಂಪು ಎಲ್ಲ ಖಾನೆಗಳಿಗೂ ಸಮನಾಗಿ ಮುಟ್ಟುತ್ತದೆ. ಆದರೆ ಫ್ಯಾನು ಮತ್ತು ಹೀಟರುಗಳೂ ಕರೆಂಟು ತಿನ್ನುವವೇ. ದೊಡ್ಡ ಕುಟುಂಬಕ್ಕೆ ಇದು ಒಪ್ಪುತ್ತದೆ. ಎರಡು ಖೋಲಿಯ ಸಂಸಾರಕ್ಕೆ ಒಂದು ಬಾಗಿಲಿನದೇ ಸಾಕೆಂಬುದು ನಮ್ಮ ಅಭಿಪ್ರಾಯ.

ನಕ್ಷತ್ರಗಳ ಚೀಟಿ

ಪ್ರತಿ ಫ್ರಿಜ್ಜಿಗೂ ಎರಡು ಬೆಲೆಗಳಿವೆ. ಒಂದನ್ನು ಅಂಗಡಿಯವನಿಗೆ ಒಂದು ಸಲ ಕೊಡುತ್ತೇವೆ. ಇನ್ನೊಂದನ್ನು ವಿದ್ಯುತ್ ಕಂಪನಿಗೆ ಹತ್ತು ಹದಿನೈದು ವರ್ಷ, ತಿಂಗಳು ತಿಂಗಳೂ ಕೊಡುತ್ತೇವೆ. ಮೊದಲನೆಯದು ದೊಡ್ಡ ಅಕ್ಷರಗಳಲ್ಲಿ ಬರೆದಿರುತ್ತದೆ. ಎರಡನೆಯದನ್ನು ತಿಳಿಯಲು ಬಾಗಿಲ ಮೇಲಿನ ನಕ್ಷತ್ರಗಳ ಚೀಟಿಯನ್ನು ಓದಬೇಕು.

2001ರ ಇಂಧನ ಉಳಿತಾಯದ ಕಾನೂನಿನ ಮೇರೆಗೆ ಸ್ಥಾಪಿತವಾದ ಬಿ.ಇ.ಇ. ಎಂಬ ಸರಕಾರೀ ಸಂಸ್ಥೆ 2006ರಲ್ಲಿ ಈ ಚೀಟಿಯ ಪದ್ಧತಿಯನ್ನು ಆರಂಭಿಸಿತು. ಒಂದರಿಂದ ಐದರ ವರೆಗೆ ನಕ್ಷತ್ರಗಳು. ಹೆಚ್ಚು ನಕ್ಷತ್ರವೆಂದರೆ ಅದೇ ಜಾತಿಯ, ಅದೇ ಗಾತ್ರದ ಪೆಟ್ಟಿಗೆಗಳಲ್ಲಿ ಕಡಿಮೆ ಕರೆಂಟು. ಇಲ್ಲಿ ಎರಡು ಎಚ್ಚರಿಕೆಗಳು. ಮೊದಲನೆಯದು: ದೊಡ್ಡ ಪೆಟ್ಟಿಗೆಯ ಐದು ನಕ್ಷತ್ರಕ್ಕಿಂತ ಚಿಕ್ಕ ಪೆಟ್ಟಿಗೆಯ ಮೂರು ನಕ್ಷತ್ರವೇ ಕಡಿಮೆ ಕರೆಂಟು ತಿನ್ನಬಹುದು. ಆದುದರಿಂದ ನಕ್ಷತ್ರಗಳನ್ನು ಎಣಿಸಿ ಸುಮ್ಮನಾಗದೆ, ವರ್ಷಕ್ಕೆ ಇಷ್ಟು ಯೂನಿಟ್ ಎಂದು ಅಚ್ಚಾಗಿರುವ ಅಂಕಿಯನ್ನು ಓದಿರಿ. ಎರಡನೆಯದು: ಈ ಪರೀಕ್ಷೆಯನ್ನು ಆಗಾಗ ಬಿಗಿ ಮಾಡುತ್ತಾರೆ. ಹಳೆಯ ವರ್ಷದ ಐದು ನಕ್ಷತ್ರ ಹೊಸ ವರ್ಷದಲ್ಲಿ ಐದಾಗಿ ಉಳಿಯಲಾರದು. ಚೀಟಿಯ ಅವಧಿ ಯಾವ ವರ್ಷದ್ದೆಂದು ನೋಡಿರಿ.

ಒಂದು ಲೆಕ್ಕ ಮಾಡೋಣ. ಒಂದು ಪೆಟ್ಟಿಗೆಯ ಚೀಟಿಯಲ್ಲಿ 150 ಯೂನಿಟ್, ಇನ್ನೊಂದರಲ್ಲಿ 210 ಯೂನಿಟ್ ಎಂದಿದೆ ಎನ್ನೋಣ. ವರ್ಷಕ್ಕೆ 60 ಯೂನಿಟ್ಟಿನ ಅಂತರ. ಯೂನಿಟ್ಟಿಗೆ 10 ರೂಪಾಯಿ ಹಿಡಿದರೆ 600 ರೂಪಾಯಿ. ಹತ್ತು ವರ್ಷಕ್ಕೆ 6000. ಆದುದರಿಂದ ಮೊದಲನೆಯದು ಎರಡು ಸಾವಿರ ತುಟ್ಟಿಯಾದರೂ ಅದೇ ಅಗ್ಗ. ಏಳು ಸಾವಿರ ತುಟ್ಟಿಯಾದರೆ ಆ ಮಾತು ನಿಲ್ಲುವುದಿಲ್ಲ.

10 ರೂಪಾಯಿ ಏಕೆ ಹಿಡಿದೆವೆಂದು ಕೇಳಬಹುದು. ಮಹಾವಿತರಣದ ಮನೆಬಳಕೆಯ ದರಪಟ್ಟಿಯಲ್ಲಿ ತಿಂಗಳಿಗೆ 100 ಯೂನಿಟ್ಟಿನ ವರೆಗೆ ಒಂದು ದರ, 101 ರಿಂದ 300ರ ವರೆಗೆ ಇನ್ನೊಂದು ದರ. ಈಚಿನ ವರ್ಷಗಳಲ್ಲಿ ಎರಡನೆಯದು ಮೊದಲನೆಯದಕ್ಕೆ ಬಹುಮಟ್ಟಿಗೆ ಇಮ್ಮಡಿ. 100 ದಾಟಿದೊಡನೆ ಎಲ್ಲ ಯೂನಿಟ್ಟುಗಳಿಗೂ ಹೆಚ್ಚಿನ ದರ ಬೀಳುತ್ತದೆಂದು ಕೆಲವರು ಹೆದರುತ್ತಾರೆ. ಹಾಗಲ್ಲ, 100 ಮೀರಿದ ಯೂನಿಟ್ಟುಗಳಿಗೆ ಮಾತ್ರ. ಆದರೆ ಈಗಾಗಲೇ 95 ಯೂನಿಟ್ ಉರಿಸುವ ಮನೆಗೆ ಫ್ರಿಜ್ಜು ಬಂದರೆ, ಅದರ ಯೂನಿಟ್ಟುಗಳೆಲ್ಲ ಬಹುತೇಕ ಆ ಮೇಲಿನ ದರದಲ್ಲಿಯೇ ಬೀಳುತ್ತವೆ. 60 ಯೂನಿಟ್ ಮಾತ್ರ ಉರಿಸುವ ಮನೆಗೆ ಅಷ್ಟು ಬಾಧೆಯಿಲ್ಲ. ಬಿಲ್ಲಿನಲ್ಲಿ ಹಿಂದಿನ ತಿಂಗಳುಗಳ ಬಳಕೆಯೂ ಅಚ್ಚಾಗಿರುತ್ತದೆ. ಮರಾಠಿ ಓದಲು ಬಾರದವರು ವಾಚನಾಲಯಕ್ಕೆ ತಂದರೆ ಓದಿ ಹೇಳುತ್ತೇವೆ.

ಮನೆ ಮಾಲೀಕರ ಮೀಟರಿನಿಂದ ಒಳ ಮೀಟರು ಪಡೆದಿರುವವರ ಪಾಡು ಬೇರೆ. ಅವರಿಗೆ ಮಾಲೀಕರು ಹೇಳಿದ್ದೇ ದರ. ಅಂಥವರು ಫ್ರಿಜ್ಜು ತರುವ ಮೊದಲೇ ಮಾಲೀಕರೊಡನೆ ಮಾತನಾಡಿ, ದರವನ್ನು ಗೊತ್ತು ಮಾಡಿಕೊಳ್ಳುವುದು ಕ್ಷೇಮ. ತಂದ ಮೇಲಿನ ಮಾತು ಜಗಳಕ್ಕೆ ದಾರಿ.

ಅಂಗಡಿಯವರ ಮಾತು

ಅಂಗಡಿಯಲ್ಲಿ ಇನ್ವರ್ಟರ್ ಎಂಬ ಶಬ್ದ ಬಹಳ ಕೇಳಿಬರುತ್ತದೆ. ಕರೆಂಟು ಹೋದಾಗಲೂ ಇದು ನಡೆಯುತ್ತದೆಂದು ನಂಬಿ ಕೊಂಡವರನ್ನು ನಾವು ಬಲ್ಲೆವು. ಅದು ತಪ್ಪು. ಇನ್ವರ್ಟರ್ ಕಂಪ್ರೆಸರ್ ಎಂದರೆ ಬೇಕಾದಂತೆ ವೇಗವನ್ನು ಹೆಚ್ಚು ಕಡಿಮೆ ಮಾಡಿಕೊಂಡು ಓಡುವ ಯಂತ್ರ. ಇದರಿಂದ ಕರೆಂಟು ಉಳಿಯುತ್ತದೆ, ಸದ್ದು ಕಡಿಮೆ. ಬ್ಯಾಟರಿಯ ಇನ್ವರ್ಟರಿಗೂ ಇದಕ್ಕೂ ಸಂಬಂಧವಿಲ್ಲ. ಸ್ಟೆಬಿಲೈಜರ್ ಬೇಡವೆಂದು ಹೇಳಿದರೆ, ಎಷ್ಟರಿಂದ ಎಷ್ಟು ವೋಲ್ಟಿನ ವರೆಗೆ ಬೇಡ ಎಂದು ಕೇಳಿರಿ. ನಿಮ್ಮ ಓಣಿಯಲ್ಲಿ ಸಂಜೆ ದೀಪ ಮಂಕಾಗುವುದಾದರೆ ಸ್ಟೆಬಿಲೈಜರಿನ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿರಿ.

ಹತ್ತು ವರ್ಷ ಗ್ಯಾರಂಟಿ ಎಂಬುದು ಹಲವು ಸಲ ಕಂಪ್ರೆಸರಿಗೆ ಮಾತ್ರ. ಉಳಿದ ಭಾಗಗಳಿಗೆ ಒಂದೇ ವರ್ಷ. ಅನಿಲ ತುಂಬುವ ಖರ್ಚು, ಕೆಲಸಗಾರನ ಕೂಲಿ ಯಾರದೆಂದು ಕಾರ್ಡಿನಲ್ಲಿ ಓದಿರಿ. ಮುದ್ರಿತ ಗರಿಷ್ಠ ಬೆಲೆಯಲ್ಲಿ ತೆರಿಗೆಯೂ ಸೇರಿರುತ್ತದೆ. ಅದರ ಮೇಲೆ ಮತ್ತೆ ತೆರಿಗೆ ಹಾಕಲು ಬಿಡಬೇಡಿರಿ. ಪೆಟ್ಟಿಗೆಯ ನಂಬರು ಬರೆದ ಪಕ್ಕಾ ಬಿಲ್ಲು ಪಡೆಯಿರಿ. ತಕರಾರು ಬಂದರೆ ಗ್ರಾಹಕರ ರಾಷ್ಟ್ರೀಯ ಸಹಾಯವಾಣಿ 1915ಕ್ಕೆ ಫೋನು ಮಾಡಬಹುದು. ಬಿಲ್ಲಿಲ್ಲದವನ ಮಾತಿಗೆ ಬಲವಿಲ್ಲ.

ಬಡ್ಡಿಯಿಲ್ಲದ ಕಂತು ಎಂಬ ಮಾತನ್ನೂ ತೂಗಿ ನೋಡಬೇಕು. ಅರ್ಜಿಯ ಶುಲ್ಕ ಎಷ್ಟು? ರೋಖು ಕೊಟ್ಟರೆ ಸಿಗುವ ರಿಯಾಯತಿ ಎಷ್ಟು? ಒಂದು ಕಂತು ತಪ್ಪಿದರೆ ದಂಡ ಎಷ್ಟು? ಇವೆಲ್ಲ ಕೂಡಿದರೆ ಬಡ್ಡಿ ಬೇರೆ ವೇಷದಲ್ಲಿ ಬಂದದ್ದು ಗೊತ್ತಾಗುತ್ತದೆ. ಪಗಾರದಲ್ಲಿ ಬಾಡಿಗೆ, ದಿನಸಿ, ಮಕ್ಕಳ ಶಾಲೆ, ಊರಿಗೆ ಕಳಿಸುವ ಹಣ ಇಷ್ಟನ್ನೂ ತೆಗೆದಿಟ್ಟ ಮೇಲೆ ಉಳಿಯುವುದರಲ್ಲಿ ಕಂತು ಕೂಡಬೇಕು. ಊರಿನ ಹಣಕ್ಕೆ ಕೈಹಾಕುವ ಕಂತು ಬೇಡ. ಒಂದು ವರ್ಷ ಹರವಿಯ ನೀರು ಕುಡಿದು ರೋಖು ಕೂಡಿಸಿದರೆ ನಷ್ಟವೇನೂ ಇಲ್ಲ.

ಇನ್ನೊಂದು ಮಾತು. ಫ್ರಿಜ್ಜನ್ನು ಕೊಳ್ಳುವವರು ಹೆಚ್ಚಾಗಿ ಗಂಡಸರು, ದಿನಕ್ಕೆ ಇಪ್ಪತ್ತು ಸಲ ತೆರೆಯುವವರು ಹೆಂಗಸರು. ಮನೆಯಾಕೆಯನ್ನು ಅಂಗಡಿಗೆ ಕರೆದೊಯ್ಯಿರಿ. ಹಿಟ್ಟಿನ ಪಾತ್ರೆ ಯಾವ ಖಾನೆಯಲ್ಲಿ ಕೂಡುತ್ತದೆ, ಯಾವುದರಲ್ಲಿ ಕೂಡುವುದಿಲ್ಲ ಎಂಬುದನ್ನು ಅವರು ಒಂದೇ ನೋಟದಲ್ಲಿ ಹೇಳಬಲ್ಲರು.

ಹಳೆಯದನ್ನು ಕೊಳ್ಳಬಹುದೆ?

ಕೊಳ್ಳಬಹುದು, ಆದರೆ ಕಣ್ಣು ತೆರೆದು. ಅರ್ಧ ತಾಸಾದರೂ ಓಡಿಸಿ ನೋಡಿರಿ. ಬಾಗಿಲ ರಬ್ಬರಿನ ನಡುವೆ ಒಂದು ನೋಟನ್ನಿಟ್ಟು ಮುಚ್ಚಿ ಎಳೆಯಿರಿ; ನೋಟು ಸಲೀಸಾಗಿ ಜಾರಿ ಬಂದರೆ ತಂಪೂ ಹಾಗೆಯೇ ಜಾರಿ ಹೋಗುತ್ತದೆ. ಬಹಳ ಹಳೆಯ ಪೆಟ್ಟಿಗೆ ಕೊಳ್ಳುವಾಗ ಅಗ್ಗ, ಉರಿಸುವಾಗ ತುಟ್ಟಿ. ಕೆಟ್ಟ ಪೆಟ್ಟಿಗೆಯನ್ನು ಅಂಗಳದಲ್ಲಿ ಬಿಡುವವರಂತೂ ಅದರ ಬಾಗಿಲನ್ನು ಮೊದಲು ಕಳಚಬೇಕು. ಆಟವಾಡುವ ಮಕ್ಕಳು ಒಳಗೆ ಸೇರಿ ಬಾಗಿಲು ಮುಚ್ಚಿಕೊಂಡರೆ ಉಸಿರುಗಟ್ಟುತ್ತದೆ.

ತಂದ ಮೇಲೆ

ಫ್ರಿಜ್ಜನ್ನು ನಿಲ್ಲಿಸಿಯೇ ತರಿಸಿರಿ. ದಾರಿಯಲ್ಲಿ ಮಲಗಿಸಿದ್ದರೆ ಕಂಪ್ರೆಸರಿನ ಎಣ್ಣೆ ಕೊಳವೆಗೆ ಹರಿದಿರುತ್ತದೆ. ಕೆಲವು ತಾಸು ನಿಲ್ಲಿಸಿಟ್ಟು ಆಮೇಲೆ ಕರೆಂಟು ಕೊಡಬೇಕು. ಒಲೆಯ ಪಕ್ಕ, ಬಿಸಿಲು ಬೀಳುವ ಗೋಡೆಯ ಪಕ್ಕ ಇಡಬೇಡಿರಿ. ಅರ್ಥಿಂಗ್ ಇರುವ ಮೂರು ರಂಧ್ರದ ಸಾಕೆಟ್ಟೇ ಆಗಬೇಕು.

ಒಳಗಿನ ತಂಪು 4 ಡಿಗ್ರಿಯ ಸುಮಾರಿಗೆ ಇರಲಿ. 5 ರಿಂದ 60 ಡಿಗ್ರಿಯ ನಡುವೆ ರೋಗಾಣುಗಳು ಬೇಗ ಬೆಳೆಯುತ್ತವೆ. ಬಿಸಿ ಸಾರನ್ನು ಹಾಗೆಯೇ ಒಳಗಿಡಬಾರದು. ಆರಿಸಿ, ಎರಡು ತಾಸಿನೊಳಗೆ ಇಡಬೇಕು. ಗುರುವಾರದ ದುರಸ್ತಿಗೆಂದು ಕರೆಂಟು ಹೋದಾಗ ಬಾಗಿಲು ತೆರೆಯದಿದ್ದರೆ ಸುಮಾರು ನಾಲ್ಕು ತಾಸು ಒಳಗಿನ ಪದಾರ್ಥ ತಂಪಾಗಿಯೇ ಇರುತ್ತದೆ. ಕಟ್ಟಿದ ಹಿಮವನ್ನು ಚೂರಿಯಿಂದ ಕೆತ್ತಬೇಡಿರಿ. ನಮ್ಮವರೊಬ್ಬರು ಹಾಗೆ ಕೆತ್ತಿ ಕೊಳವೆಗೆ ತೂತು ಮಾಡಿ, ಒಂದು ಗಳಿಗೆಯ ಅವಸರಕ್ಕೆ ಅರ್ಧ ತಿಂಗಳ ಪಗಾರ ತೆತ್ತರು.

ನಮ್ಮ ಕಡೆಯ ಹಿರಿಯರು ಫ್ರಿಜ್ಜನ್ನು ತಂಗಳು ಪೆಟ್ಟಿಗೆ ಎಂದು ಹಾಸ್ಯ ಮಾಡುತ್ತಾರೆ. ಮೂರು ದಿನದ ಪಲ್ಯ, ನಾಲ್ಕು ದಿನದ ಸಾರು ತುಂಬಿಟ್ಟರೆ ಆ ಹೆಸರು ನಿಜವೇ ಆದೀತು. ಹಾಲು ಕೆಡದಂತೆ, ಔಷಧಿ ಹಾಳಾಗದಂತೆ, ದುಡಿದು ಬಂದವರಿಗೆ ಒಂದು ತಾಸು ಬಿಡುವು ಸಿಗುವಂತೆ ಉಪಯೋಗಿಸಿದರೆ ಅದೇ ಪೆಟ್ಟಿಗೆ ಮನೆಯ ಮಿತ್ರನಾಗುತ್ತದೆ.

ವಾಚನಾಲಯದ ಮೇಜಿನ ಎಳೆಯುಗಪೆಟ್ಟಿಗೆಯಲ್ಲಿ ಒಂದು ಅಳತೆಯ ಪಟ್ಟಿಯನ್ನು ಇಟ್ಟಿದ್ದೇವೆ. ಬೇಕಾದವರು ಪುಸ್ತಕದಂತೆ ಹೆಸರು ಬರೆಸಿ ಒಯ್ಯಬಹುದು. ಜಿನೆಯ ತಿರುವನ್ನು ಅಳೆದ ಮೇಲೆ ಮರೆಯದೆ ಮರಳಿಸಿರಿ, ಮುಂದಿನವರು ಕಾಯುತ್ತಿರುತ್ತಾರೆ.